ಬೂದಿಯಲ್ಲಿಟ್ಟ ವಾಲ್ವು

ನಮ್ಮವರಿಗೆ ಕೆಲಸ ಕೆಟ್ಟಾಗ ತಪ್ಪು ಹೊರಿಸುವುದಕ್ಕೆ ಒಂದು ಸರದಿ ಇದೆ. ಮೊದಲು ಗ್ಯಾಸು, ಆಮೇಲೆ ಕಡ್ಡಿ, ಆಮೇಲೆ ಹವೆ, ಕೊನೆಗೆ ನಾನು. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಸರದಿ ನನ್ನವರೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಊಟದ ಸಮಯವಾಗಿ ಮಾತು ತಣ್ಣಗಾಗಿರುತ್ತದೆ. ಆದರೆ ಪಕ್ಕದ ಮನೆಯ ರೇಷ್ಮೆ ರೀಲರನ ಎಂಜಿನ್ ವಾಲ್ವು ಬಂದ ಆ ಮೋಡದ ವಾರದಲ್ಲಿ ಅದು ನನ್ನ ಹತ್ತಿರ ಬಂದು ಅಲ್ಲೇ ಠಿಕಾಣಿ ಹೂಡಿತು.

ರಾಮನಗರದ ನಮ್ಮ ಮನೆಯ ಮುಂದಿನ ಅರ್ಧ ವರ್ಕ್‌ಶಾಪು, ಹಿಂದಿನ ಅರ್ಧ ಸಂಸಾರ, ನಡುವೆ ಒಂದು ಪರದೆ. ಪರದೆ ಮೊದಲು ಯಾವ ಬಣ್ಣದ್ದಿತ್ತು ಎಂದು ಕೇಳಬಾರದು. ನಮ್ಮವರ ಕಸುಬು ಸವೆದ ಎಂಜಿನ್ ವಾಲ್ವುಗಳ ಅಂಚಿಗೆ ಗ್ಯಾಸ್ ವೆಲ್ಡಿಂಗಿನಲ್ಲಿ ಗಟ್ಟಿ ಲೋಹ ಕೂರಿಸುವುದು. ವಾಲ್ವನ್ನು ನೋಡದವರಿಗೆ ಹೇಳಬೇಕೆಂದರೆ, ಅದೊಂದು ಉದ್ದ ಕಾಲಿನ ಉಕ್ಕಿನ ಅಣಬೆ. ಎಂಜಿನ್ ಓಡುವಾಗ ಅಣಬೆಯ ತಲೆ ಏಳುತ್ತದೆ, ಮತ್ತೆ ಬಂದು ತನ್ನ ಪೀಠಕ್ಕೆ ಬಡಿದು ಬಾಯಿ ಮುಚ್ಚುತ್ತದೆ. ಸುಟ್ಟ ಹೊಗೆ ಹೊರಗೆ ಹೋಗುವ ಕಡೆಯ ವಾಲ್ವಿಗಂತೂ ದಿನವಿಡೀ ಬೆಂಕಿಯಲ್ಲೇ ಸ್ನಾನ. ಅದರ ಅಂಚು ತಿಂದುಹೋದರೆ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಎಂಜಿನ್ನಿಗೆ ದಮ್ಮು ಇರುವುದಿಲ್ಲ. ಹೊಸ ವಾಲ್ವು ಸಿಗುವವರು ಹೊಸದನ್ನು ಹಾಕಿಸುತ್ತಾರೆ. ಬೈರಾಪಟ್ಟಣದ ಹಳೆಯ ಟ್ರ್ಯಾಕ್ಟರು, ದೊಡ್ಡಆಲಹಳ್ಳಿಯ ನೀರೆತ್ತುವ ಎಂಜಿನ್ನು, ಮಾಗಡಿ ಕಡೆಯ ಹಿಟ್ಟಿನ ಗಿರಣಿ, ಇಂಥ ಸಿಗದವರೆಲ್ಲ ನಮ್ಮ ಬಾಗಿಲಿಗೆ ಬರುತ್ತಾರೆ.

ಇದರಲ್ಲಿ ನನ್ನ ಪಾಲಿನ ಕೆಲಸವೂ ಇದೆ. ಬೂದಿ ಜರಡಿ ಹಿಡಿದು ಡ್ರಮ್ಮಿಗೆ ತುಂಬುವುದು ನಾನು. ಕೊನೆಗೆ ವಾಲ್ವನ್ನು ಪೀಠದ ಮೇಲೆ ಪೇಸ್ಟು ಹಚ್ಚಿ ತಿರುಗಿಸಿ ತಿರುಗಿಸಿ ಉಜ್ಜಿ ಕೂರಿಸುವುದೂ ನಾನೇ. ಬೆರಳಿಗೆ ಹಿಡಿದ ಆ ಪೇಸ್ಟು ಮುದ್ದೆ ಕಟ್ಟುವಾಗ ಹೋಗಿರಬೇಕು, ಅಷ್ಟು ಎಚ್ಚರ ಇದ್ದರೆ ಸಾಕು.

ಗಟ್ಟಿ ಲೋಹ ಕೂರಿಸುವುದು ನೋಡುವುದಕ್ಕೆ ಚೆಂದ. ಬೆಂಕಿಯ ನೀಲಿ ಮೊಳಕೆಯ ಸುತ್ತ ಬಿಳಿ ಗರಿ ಉದ್ದವಾಗಿ ಬರುವ ಹಾಗೆ ಗ್ಯಾಸನ್ನು ಸ್ವಲ್ಪ ಹೆಚ್ಚಿಡುತ್ತಾರೆ. ವಾಲ್ವಿನ ಅಂಚು ಕೆಂಪಾಗಿ, ಮೈ ಬೆವರಿದ ಹಾಗೆ ಹೊಳೆಯಬೇಕು, ಕರಗಬಾರದು. ಆ ಬೆವರು ಬಂದ ಗಳಿಗೆಯಲ್ಲಿ ಕೋಬಾಲ್ಟ್ ಕಡ್ಡಿಯ ತುದಿ ತೋರಿಸಿದರೆ, ಕಾದ ಕಾವಲಿಯ ಮೇಲೆ ತುಪ್ಪ ಹರಡಿದಂತೆ ಹನಿ ಹರಡಿಕೊಳ್ಳುತ್ತದೆ. ವಾಲ್ವನ್ನು ಮೆಲ್ಲಗೆ ತಿರುಗಿಸುತ್ತ ಸುತ್ತಲೂ ಬಳೆಯ ಹಾಗೆ ಆ ಲೋಹ ಇಳಿಸಿ, ಕೆಂಪು ಆರುವ ಮೊದಲೇ ಬೂದಿ ಡ್ರಮ್ಮಿನೊಳಗೆ ಹೂತು, ಮುಚ್ಚಳ ಹಾಕಿ, ಬೆಳಗಿನ ತನಕ ಮರೆತುಬಿಡಬೇಕು. ಈ ಲೋಹ ಎಷ್ಟು ಗಟ್ಟಿಯೋ ಅಷ್ಟೇ ಸಿಡುಕು. ನಿಧಾನವಾಗಿ ಆರಿದರೆ ವರ್ಷಾನುಗಟ್ಟಲೆ ಬಾಳುತ್ತದೆ, ಬೇಗ ಆರಿಸಿದರೆ ಬಿರುಕು ಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ಆರುವುದು ಕೂಡ ಒಂದು ಕೆಲಸವೇ.

ಪಕ್ಕದ ರೀಲರನೂ ನಮ್ಮವರೂ ಒಂದೇ ಶಾಲೆಯಲ್ಲಿ ಓದಿದವರು. ಎರಡು ಮನೆಗಳ ನಡುವೆ ಹಿತ್ತಲಿನಲ್ಲಿ ಸೊಂಟದೆತ್ತರದ ಗೋಡೆ. ನಮ್ಮ ಬೂದಿ ಡ್ರಮ್ಮು ಆ ಗೋಡೆಯ ಬುಡದಲ್ಲೇ ಇದೆ, ಏಕೆಂದರೆ ಬೂದಿ ಬರುವುದೇ ಅಲ್ಲಿಂದ. ಆತನ ಶೆಡ್ಡಿನಲ್ಲಿ ನೂಲು ತೆಗೆಯಲು ರೇಷ್ಮೆಗೂಡು ಬೇಯಿಸುವ ಒಲೆಗೆ ಭತ್ತದ ಹೊಟ್ಟು ಉರಿಸುತ್ತಾರೆ. ಅದರ ಬೂದಿಯಷ್ಟು ಬಿಸಿ ಹಿಡಿದಿಟ್ಟುಕೊಳ್ಳುವ ಬೂದಿ ಇನ್ನೊಂದಿಲ್ಲ.

ಆ ವಾರ ನಮ್ಮ ಬೀದಿಯ ಹಳೆಯ ಕರೆಂಟು ಕಂಬಗಳನ್ನು ಕಿತ್ತು ಹೊಸದು ನೆಡುತ್ತಿದ್ದರು. ಬೆಳಿಗ್ಗೆ ತಿಂಡಿ ಹೊತ್ತಿಗೆ ಹೋದ ಕರೆಂಟು ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ರೀಲರ್ ಅದೇ ವಾರ ಮಾರುಕಟ್ಟೆಯಲ್ಲಿ ಒಳ್ಳೆಯ ಬಿಳಿ ಗೂಡು ಬಂದಿತೆಂದು ಆಸೆಪಟ್ಟು, ಶೆಡ್ಡಿನ ತಟ್ಟೆಗಳೆಲ್ಲ ತುಂಬುವಷ್ಟು ತಂದು ಹಾಕಿದ್ದ. ಕರೆಂಟು ಹೋದರೆ ಹೋಗಲಿ, ನೂಲು ಸುತ್ತುವ ರಾಟೆ ತಿರುಗಿಸಲು ಹಳೆಯ ಡೀಸೆಲ್ ಎಂಜಿನ್ನು ಇದೆಯಲ್ಲ ಎಂಬ ಧೈರ್ಯ. ಒಂಟಿ ಸಿಲಿಂಡರಿನ ಆ ಎಂಜಿನ್ನು ಮೊದಲ ದಿನವೇ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಹೊಗೆ ಕಡೆಯ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ, ಬೇರೆ ವಾಲ್ವು ಅದಕ್ಕೆ ಕೂರುವುದಿಲ್ಲ. ಬಾಡಿಗೆ ಜನರೇಟರುಗಳೆಲ್ಲ ಮದುವೆ ಛತ್ರಗಳಿಗೆ ಹೋಗಿದ್ದವು. ಕರೆಂಟು ಬಂದ ಮೇಲೆ ರಾತ್ರಿ ಕೆಲಸ ಮಾಡಿಸೋಣವೆಂದರೆ ನೂಲು ತೆಗೆಯುವ ಹೆಂಗಸರು ಮನೆ ಮಕ್ಕಳನ್ನು ಬಿಟ್ಟು ಬರಲಾರರು.

ಗೂಡು ಕಾಯುವ ಸಾಮಾನಲ್ಲ. ಹಾಗೇ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಬರುತ್ತದೆ, ಎಳೆ ತುಂಡಾಗುತ್ತದೆ. ಆತ ಹಬೆ ಕೊಟ್ಟು ಹುಳು ಸಾಯಿಸಿದ್ದ. ಆದರೆ ಆ ಮೋಡದ ಹವೆಯಲ್ಲಿ ಸತ್ತ ಹುಳುವೂ ಬಹಳ ದಿನ ಸುಮ್ಮನಿರುವುದಿಲ್ಲ. ಒಳಗೇ ಕೊಳೆತು ಗೂಡಿಗೆ ಕಂದು ಕಲೆ ಬಿಡುತ್ತದೆ. ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುವುದು ನಮಗೆ ಹೊಸದಲ್ಲ. ಆ ವಾರ ಮಾತ್ರ ದಿನದಿನಕ್ಕೆ ಅದು ಏರುತ್ತಿತ್ತು, ಸಾರಿಗೆ ಒಗ್ಗರಣೆ ಹಾಕಿದರೂ ತಲೆ ತಗ್ಗಿಸುತ್ತಿರಲಿಲ್ಲ.

“ಅಕ್ಕಾ, ಅಣ್ಣ ಎಲ್ಲಿ? ಆಯ್ತಾ?” ಎಂದು ಆತ ಮೊದಲ ಸಲ ಕೇಳಿದಾಗ ವಾಲ್ವು ಕೈಗೆ ಬಂದು ಇನ್ನೂ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟೂ ಹೊತ್ತಾಗಿರಲಿಲ್ಲ.

“ಏನ್ಲಾ ಆಗೋದು? ಇದೇನ್ ಬೋಂಡ ಕರಿಯೋದ?” ಎಂದರು ನಮ್ಮವರು ಒಳಗಿನಿಂದ.

“ಹಂಗಲ್ಲ ಅಣ್ಣ, ಸುಮ್ನೆ ಕೇಳ್ದೆ. ಗೂಡು ಪರೇಶಾನ್ ಮಾಡ್ತಾ ಐತೆ.”

“ಗೂಡಿಗೆ ಹೇಳು, ನಾಳೆ ಬೆಳಿಗ್ಗೆ ಬತ್ತೈತೆ ಅಂತ.”

ಮಧ್ಯಾಹ್ನ ಕೆಲಸ ನಡೆಯಿತು. ಬೆಂಕಿಗೆ ಕರೆಂಟು ಬೇಡ, ಅದೊಂದು ಪುಣ್ಯ. ಸಂಜೆಯ ಮುಂಚೆ ವಾಲ್ವು ಬೂದಿಗೆ ಇಳಿಯಿತು. ಮರುದಿನ ಬೆಳಿಗ್ಗೆ ಕರೆಂಟು ಹೋಗುವ ಮೊದಲೇ ತೆಗೆದು ಸಾಣೆ ಮಿಷನ್ನಿಗೆ ಕೊಟ್ಟರು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮಿಷನ್ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಹೋಗಿ ನೋಡಿದರೆ ಹೊಸ ಅಂಚಿನ ಮೇಲೆ ಕೂದಲೆಳೆಯಂಥ ಅಡ್ಡ ಗೆರೆ.

“ಗ್ಯಾಸೇ ಸರಿ ಇಲ್ಲ,” ಎಂದರು.

ಬಿರುಕು ಬಿಟ್ಟ ಲೋಹವನ್ನು ಪೂರ್ತಿ ಕೆರೆದು ತೆಗೆದು ಮತ್ತೆ ಕೂರಿಸಬೇಕು. ಹಾಗೆ ಮಾಡಿದರು. ಮರುದಿನ ಮತ್ತೆ ಬಿರುಕು. “ಈ ಕಡ್ಡಿ ಹೊಸಬನ ಹತ್ರ ತಂದಿದ್ದು, ಅದುಕ್ಕೇಯ,” ಎಂದರು. ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಕಡ್ಡಿ ಹುಡುಕಿದರು. ಹುಡುಕುವಾಗ ನನ್ನ ಹೊಲಿಗೆ ದಾರವೆಲ್ಲ ಸಿಕ್ಕು ಮಾಡಿದರು. ಸಿಲಿಂಡರು ಬದಲಾಯಿಸಿದರು. ವರ್ಕ್‌ಶಾಪಿನ ಕಿಟಕಿಗೆ ಗೋಣಿ ತಾಟು ಕಟ್ಟಿ ಗಾಳಿ ತಡೆದರು, ಅದರಿಂದ ಒಳಗೆ ನಾವೇ ಬೆಂದೆವು. ಕೊನೆಗೆ ನನ್ನ ಕಡೆ ತಿರುಗಿದರು.

“ಬೂದಿ ಸರ್ಯಾಗಿ ಜರಡಿ ಹಿಡಿದ್ಯೇನೆ?”

“ಹಿಡಿದಿದೀನಿ.”

“ಹಸಿ ಏನಾರ ಐತಾ?”

“ಕಾವಲಿ ಮೇಲೆ ಹುರಿದು ಹಾಕಿದೀನಿ. ಇನ್ನೇನು ಅದಕ್ಕೆ ಒಗ್ಗರಣೆನೂ ಹಾಕ್ಲಾ?”

“ಮುಚ್ಚಳ?”

“ನಾನೇ ಮುಚ್ಚಿದೀನಿ.”

“ಮತ್ಯಾಕೆ ಒಡೀತದೆ?”

ಇದು ನನ್ನನ್ನು ಕೇಳುವ ಪ್ರಶ್ನೆಯೇ? ಬೆಂಕಿ ಹಿಡಿದವರು ಅವರು, ಗರಿ ಉದ್ದ ಮಾಡಿದವರು ಅವರು, ಬೆವರು ನೋಡಿದವರು ಅವರು. ನನಗೆ ಗೊತ್ತಿದ್ದದ್ದು ಬೂದಿ. ಆ ಬೂದಿಯನ್ನು ನಾನು ನಮ್ಮ ಮನೆಯ ರಾಗಿ ಹಿಟ್ಟಿಗಿಂತ ಚೆನ್ನಾಗಿ ಜರಡಿ ಹಿಡಿದಿದ್ದೆ. ಆ ಸಿಟ್ಟಿಗೆ ಎಲ್ಲ ಬೂದಿಯನ್ನೂ ಸುರಿದು ಮತ್ತೊಮ್ಮೆ ಹುರಿದೆ. ಕಣ್ಣು, ಮೂಗು, ತಲೆಗೂದಲು ಎಲ್ಲ ಬೂದಿ. ಸ್ನಾನ ಮಾಡೋಣವೆಂದರೆ ಕರೆಂಟಿಲ್ಲದೆ ತೊಟ್ಟಿಗೆ ನೀರೇ ಏರಿರಲಿಲ್ಲ.

ರೀಲರ್ ಮಾತ್ರ ತಪ್ಪದೆ ಬರುತ್ತಿದ್ದ. ಹಾಲು ತರುವಾಗ ಒಂದು ಸಲ, ಹಾಲಿನ ಪಾತ್ರೆ ಒಳಗಿಟ್ಟು ಬಂದು ಒಂದು ಸಲ. ಪಾಪ, ಬೈಯುವುದಕ್ಕೂ ಆಗುತ್ತಿರಲಿಲ್ಲ. ಆತನ ಶೆಡ್ಡಿನ ಹೆಂಗಸರು ಬಂದು ಒಲೆಯ ಮುಂದೆ ಕೂತು, ಮಾತಾಡಿ, ಎದ್ದು ಹೋಗುತ್ತಿದ್ದರು. ಅವರಲ್ಲಿ ಇಬ್ಬರನ್ನು ಇನ್ನೊಂದು ಶೆಡ್ಡಿನವರು ಕರೆದಿದ್ದಾರಂತೆ. ತಟ್ಟೆಗಳನ್ನು ಗಾಳಿಗೆ ಹರಡಿ, ಮೋಡ ಕಂಡರೆ ಒಳಗೆ ಎಳೆದು, ಕಲೆ ಬಿದ್ದ ಗೂಡು ಆರಿಸಿ ತೆಗೆಯುವುದೇ ಆತನ ಕೆಲಸವಾಗಿತ್ತು.

ಮೂರನೆಯ ಸಲವೂ ಬಿರುಕು ಕಂಡಿತು. ಸಾಣೆಯ ಮುಂದೆ ನಮ್ಮವರು ವಾಲ್ವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಒಂದೊಂದು ಸಲ ಕೆರೆದಾಗಲೂ ಅಣಬೆಯ ತಲೆ ತೆಳುವಾಗುತ್ತ ಬಂದಿತ್ತು.

“ಇನ್ನೊಂದೇ ಸಲ,” ಎಂದರು ಮೆಲ್ಲಗೆ. “ಅದೂ ಹೋದ್ರೆ ಲೋಹ ಕೂರ್ಸಕ್ಕೆ ಅಂಚೇ ಉಳಿಯಾಕಿಲ್ಲ. ಆ ಎಂಜಿನ್ನ ಗುಜರಿಗೆ ಹಾಕ್ಬೇಕು.”

ಗೋಡೆಯಾಚೆಯಿಂದ ರೀಲರನ ತಲೆ ಎದ್ದಿತು. ನಮ್ಮವರು ವಾಲ್ವನ್ನು ಎತ್ತಿ ತೋರಿಸಿದರು. ಆತ ಗೋಡೆ ದಾಟಿ ಬಂದು ಆ ಗೆರೆಯ ಮೇಲೆ ಬೆರಳಾಡಿಸಿದ. ಮುಖ ಇಳಿದುಹೋಯಿತು. ಆಮೇಲೆ, ತನಗಿಂತ ನಮ್ಮವರೇ ಹೆಚ್ಚು ಸೋತವರಂತೆ ಕಂಡರೋ ಏನೋ, ಹೆಗಲು ತಟ್ಟಿ ಸಮಾಧಾನ ಹೇಳಿದ.

“ನಿಂದೇನೂ ತಪ್ಪಿಲ್ಲ ಅಣ್ಣ. ಕೆಲಸ ಫಸ್ಟ್ ಕ್ಲಾಸ್ ಆಗಿತ್ತು. ನಿನ್ನೆ ಸಂಜೆ ನಾನೇ ನೋಡಿದ್ನಲ್ಲ, ಕ್ರ್ಯಾಕು ಗೀಕು ಏನೂ ಇರ್ಲಿಲ್ಲ.”

ನಾನು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟೆ.

“ಎಲ್ಲಿ ನೋಡಿದ್ರಿ?” ಎಂದೆ.

“ಡ್ರಮ್ಮಲ್ಲಿ.”

“ಡ್ರಮ್ಮಿಗೆ ಮುಚ್ಚಳ ಇತ್ತಲ್ಲ.”

“ತೆಗೆದು ನೋಡ್ದೆ ಅಕ್ಕ. ಮತ್ತೆ ಹಂಗೇ ಮುಚ್ಚಿದೀನಿ. ಬೂದಿ ಒಂಚೂರೂ ಚೆಲ್ಲಿಲ್ಲ.”

“ಬೂದಿಯೊಳಗೆ ಹೂತಿಟ್ಟಿದ್ದು ನಿಮಗೆ ಹೆಂಗೆ ಕಾಣ್ತು?”

“ಇಕ್ಕಳದಲ್ಲಿ ಎತ್ತಿದೆ,” ಎಂದ ಆತ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಬೂದಿ ಮೆತ್ಕೊಂಡಿತ್ತು, ಉಫ್ ಅಂತ ಊದ್ದೆ. ಒಳಗೆ ಒಳ್ಳೆ ಗುಲಾಬಿ ಹೂವಿನಂಗಿತ್ತು. ಮೊನ್ನೇನೂ ಚೆನ್ನಾಗಿತ್ತು. ಅದರ ಹಿಂದಿನ ದಿನ ಎರಡು ಸಲ ನೋಡ್ದೆ, ಎರಡು ಸಲಾನೂ ಚೆನ್ನಾಗಿತ್ತು.”

ನಮ್ಮವರ ಬಾಯಿಂದ ಹೊರಟ ಮಾತು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.

“ಲೇ! ನೀನು ಊದಿದ್ದು ಬೂದಿನಲ್ಲ ಕಣ್ಲಾ, ನನ್ನ ಹೊಟ್ಟೆ ಬೆಂಕಿನ! ಸಿಲಿಂಡರ್ ಬದಲಾಯ್ಸಿದೆ, ಕಡ್ಡಿ ಬದಲಾಯ್ಸಿದೆ, ಇವಳ ಮೇಲೆ ಕೂಗಾಡ್ದೆ. ಕೆಂಡದಂತ ವಾಲ್ವ ತಣ್ಣನೆ ಇಕ್ಕಳದಲ್ಲಿ ಎತ್ತಿ ಗಾಳಿ ಊದ್ಬುಟ್ಟು ಸಮಾಧಾನ ಹೇಳಕ್ಕೆ ಬಂದವ್ನೆ!”

“ನೋಡಿದ್ದು ಅಷ್ಟೇ ಅಣ್ಣ! ನೋಡಿದ್ರೆ ಒಡೀತದಾ?”

“ಬಿಸಿ ಲಾಂದ್ರದ ಗಾಜಿಗೆ ಊದಿದ್ರೆ ಏನಾಗ್ತದೆ?” ಎಂದು ನಾನು ಕೇಳಿದೆ.

ಆತನಿಗೆ ಆಗ ಹೊಳೆಯಿತು. ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಯ ಮೇಲೆ ಕೂತುಬಿಟ್ಟ. “ನಮ್ಮಲ್ಲಿ ಮುಚ್ಚಳ ತೆಗೀದಿದ್ರೆ ಕೆಲಸ ಕೆಟ್ಟೋಗ್ತದೆ ಅಕ್ಕ,” ಎಂದ. “ಗೂಡು ಬೇಯಕ್ಕೆ ಹಾಕಿದ್ರೆ ಗಳಿಗೆಗೊಂದು ಸಲ ತೆಗೆದು ನೋಡ್ಬೇಕು. ಹೆಚ್ಚು ಬೆಂದ್ರೆ ಎಳೆ ಗಂಜಿ, ಕಮ್ಮಿ ಬೆಂದ್ರೆ ಎಳೇನೇ ಬರಲ್ಲ. ನಮ್ಮಪ್ಪ ಮುಚ್ಚಳ ತೆಗೀಲಿಲ್ಲ ಅಂತ ನನಗೆ ಬಾರಿಸ್ತಿದ್ರು.”

“ಇಲ್ಲಿ ತೆಗೆದಿದ್ದಕ್ಕೆ ನಾನು ಬಾರಿಸ್ತೀನಿ ಬಾ,” ಎಂದರು ನಮ್ಮವರು. ಆದರೆ ಅಷ್ಟರಲ್ಲಿ ಕೆರೆಯುವ ಸಾಣೆಯ ಕಡೆ ಹೊರಟಿದ್ದರು, ಕರೆಂಟು ಹೋಗುವ ಹೊತ್ತು ಹತ್ತಿರ ಬಂದಿತ್ತು. ನನ್ನ ಮೇಲೆ ಕೂಗಾಡಿದ್ದಕ್ಕೆ ಏನಾದರೂ ಹೇಳುತ್ತಾರೇನೋ ಎಂದು ನಾನು ಅಲ್ಲೇ ನಿಂತು ಕಾದೆ. “ಉಪ್ಪಿಟ್ಟು ಸೀದೋಯ್ತದೆ ನೋಡೋಗು,” ಎಂದರು. ಅವತ್ತು ನಾನು ಮಾಡಿದ್ದು ಉಪ್ಪಿಟ್ಟಲ್ಲ, ಇಡ್ಲಿ.

ಕೊನೆಯ ಸಲದ ಕೆಲಸಕ್ಕೆ ಅವರು ಯಾರನ್ನೂ ಒಳಗೆ ಬಿಡಲಿಲ್ಲ. ತೆಳುವಾದ ಅಂಚು, ಸ್ವಲ್ಪ ಹೆಚ್ಚು ಕಾದರೂ ಕುಸಿದುಹೋಗುತ್ತದೆ. ಬೆಂಕಿಯ ಸದ್ದು ನಿಂತು ಅವರು ಇಕ್ಕಳದಲ್ಲಿ ಕೆಂಪು ವಾಲ್ವು ಹಿಡಿದು ಹಿತ್ತಲಿಗೆ ಬಂದಾಗ ಮುಖವೆಲ್ಲ ನೀರು. ಕಾದ ಬೂದಿಯಲ್ಲಿ ಗುಂಡಿ ತೋಡಿ ನಾನು ಸಿದ್ಧವಾಗಿದ್ದೆ. ವಾಲ್ವು ಒಳಗೆ ಹೋಯಿತು, ಮೇಲೆ ಬೂದಿ, ಮೇಲೆ ಮುಚ್ಚಳ. ಮುಚ್ಚಳದ ಮೇಲೆ ಮಣೆ ಇಟ್ಟು ಅದರ ಮೇಲೆ ನಾನು ಕೂತೆ. ಹೊಟ್ಟಿನ ಬೂದಿಯ ಗುಣವೇ ಅದು, ಒಳಗೆ ಕೆಂಡವಿದ್ದರೂ ಮೇಲೆ ಕೂತವರಿಗೆ ಬೆಚ್ಚಗಿನ ಜಗಲಿ. ಅಷ್ಟು ಹೊತ್ತು ಸುಮ್ಮನೆ ಕೂರುವುದೇಕೆಂದು ಮೊರದ ತುಂಬ ನುಗ್ಗೆಸೊಪ್ಪು ತಂದುಕೊಂಡೆ.

ಆತ ಬಂದೇ ಬಂದ. ಬರದಿದ್ದರೆ ನನಗೇ ಗಾಬರಿಯಾಗುತ್ತಿತ್ತು.

“ಅಕ್ಕಾ, ಸದ್ದು ಗಿದ್ದು ಏನಾದ್ರೂ ಬಂತಾ?”

“ಇಲ್ಲ.”

“ಬಿಸಿ ಇದೆಯಾ?”

“ನನ್ನ ಕೇಳ್ಬೇಡಿ. ಕೂತ್ಕೊಳಿ.”

ಕೂತ. ಬೆರಳುಗಳು ಸುಮ್ಮನಿರಲಿಲ್ಲ, ಮಣೆಯ ತುದಿಯನ್ನೇ ತಡಕುತ್ತಿದ್ದವು. ಒಂದು ಹಿಡಿ ಸೊಪ್ಪು ಎತ್ತಿ ಆತನ ಮಡಿಲಿಗೆ ಹಾಕಿದೆ. ಕುದಿಯುವ ನೀರಿನಲ್ಲಿ ಗೂಡಿನ ಎಳೆಯ ತುದಿ ಹುಡುಕುವ ಕೈ ಅದು. ನಾನು ಒಂದು ಕಡ್ಡಿ ಬಿಡಿಸುವಷ್ಟರಲ್ಲಿ ಆತ ಇಡೀ ಹಿಡಿಯನ್ನು ಎಲೆ ಬೇರೆ, ಕಡ್ಡಿ ಬೇರೆ ಮಾಡಿಟ್ಟ. ಇನ್ನೊಂದು ಹಿಡಿ ಕೊಟ್ಟೆ.

“ಕೆಳಗಿನ ತಟ್ಟೆಗಳಲ್ಲಿ ಕಲೆ ಜಾಸ್ತಿ ಆಗೋಯ್ತು,” ಎಂದ ಸೊಪ್ಪಿನ ಕಡೆಯೇ ನೋಡುತ್ತ. “ನಾಳೆ ಎಂಜಿನ್ ಓಡಿದ್ರೆ ಮೇಲಿಂದೆಲ್ಲ ಉಳೀತದೆ. ನಾಡಿದ್ದಾದ್ರೆ ಅದೂ ಇಲ್ಲ. ಅಂಥ ಗೂಡು ನಾನು ಈ ವರ್ಷ ಕಂಡಿರ್ಲಿಲ್ಲ ಅಕ್ಕ. ಹಲ್ಲಿನಂಗೆ ಬಿಳಿ, ಗಟ್ಟಿ. ಅದಕ್ಕೇ ನೋಡ್ದೆ. ನೋಡ್ತಾ ಇದ್ರೆ ಬೇಗ ಆಗ್ತದೆ ಅನ್ಸ್ತು.”

ನನಗೆ ಬಂದ ಸಿಟ್ಟು ಅಷ್ಟರಲ್ಲಿ ಎಲ್ಲಿಗೂ ಹೋಗಿರಲಿಲ್ಲ, ಆದರೆ ಆ ಮುಖದ ಮೇಲೆ ಹಾಕುವುದಕ್ಕೂ ಆಗಲಿಲ್ಲ. ಮಳೆ ಹನಿಯತೊಡಗಿತು. ಆತ ತನ್ನ ಹೆಗಲ ಟವೆಲು ತೆಗೆದು, ನನಗೆ ಕೊಡುತ್ತಾನೆ ಎಂದುಕೊಂಡರೆ, ಡ್ರಮ್ಮಿನ ಅಂಚಿಗೆ ಸುತ್ತಿದ. ನಮ್ಮವರು ಒಳಗಿನಿಂದ ತಗಡಿನ ಶೀಟು ತಂದು ಡ್ರಮ್ಮಿಗೆ ಮರೆ ಮಾಡಿದರು. ನಾನೊಬ್ಬಳು ಮಾತ್ರ ನೆಂದೆ. ಕತ್ತಲಾಗುವ ಮೊದಲು ನನ್ನ ಜಾಗಕ್ಕೆ ರುಬ್ಬುಗುಂಡು ಬಂದು ಕೂತಿತು. ಅದನ್ನು ಎತ್ತಬೇಕಾದರೆ ಇಬ್ಬರು ಬೇಕು.

ಬೆಳಿಗ್ಗೆ ಬಾಗಿಲು ತೆಗೆಯುವಾಗ ಆತ ಗೋಡೆಯ ಆಚೆ ನಿಂತಿದ್ದ, ಎರಡು ಕೈಯೂ ಬೆನ್ನ ಹಿಂದೆ. ನಮ್ಮವರು ಬೂದಿಯಿಂದ ವಾಲ್ವು ತೆಗೆದು ಅಂಗೈಯಲ್ಲಿಟ್ಟುಕೊಂಡರು, ಆಗತಾನೇ ಇಟ್ಟ ಕೋಳಿಮೊಟ್ಟೆಯಷ್ಟೇ ಬೆಚ್ಚಗಿತ್ತು. ಸಾಣೆಗೆ ಕೊಟ್ಟರು. ಒಂದು ಸುತ್ತು, ನಿಲ್ಲಿಸಿ ನೋಡಿದರು. ಇನ್ನೊಂದು ಸುತ್ತು. ಅಂಚು ಕನ್ನಡಿಯಂತೆ ಬಂತು, ಗೆರೆ ಇಲ್ಲ. ಕರೆಂಟು ಹೋಗುವಷ್ಟರಲ್ಲಿ ಸಾಣೆ ಮುಗಿಯಿತು. ಆಮೇಲಿನದು ನನ್ನ ಕೈ ಕೆಲಸ. ಆತ ಎಂಜಿನ್ನಿನಿಂದ ಬಿಚ್ಚಿ ತಂದಿದ್ದ ಪೀಠದ ಭಾಗಕ್ಕೆ ಪೇಸ್ಟು ಹಚ್ಚಿ ಉಜ್ಜಿ, ಒರೆಸಿ, ವಾಲ್ವು ಕೂರಿಸಿ, ಮೇಲೆ ಸೀಮೆಎಣ್ಣೆ ಸುರಿದೆವು. ಮೂವರೂ ಬಗ್ಗಿ ಕೆಳಗಿನ ತೂತು ನೋಡುತ್ತಿದ್ದೆವು. ಒಂದು ಹನಿ ಸೋರಿದರೂ ಬಾಯಿ ಸರಿಯಾಗಿ ಮುಚ್ಚಿಲ್ಲವೆಂದು ಲೆಕ್ಕ. ಸೋರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದೆವು. ಆಗಲೂ ಸೋರಲಿಲ್ಲ.

“ಈಗ ಎಷ್ಟು ಬೇಕೋ ಅಷ್ಟು ನೋಡು ಕಣ್ಲಾ,” ಎಂದರು ನಮ್ಮವರು.

ಮಧ್ಯಾಹ್ನಕ್ಕೆ ಮುಂಚೆ ಎಂಜಿನ್ನು ಹತ್ತಿತು. ಮೊದಲು ಎರಡು ಸಲ ಕಪ್ಪು ಹೊಗೆ ಉಗುಳಿ, ಆಮೇಲೆ ದಮ್ಮು ಕಟ್ಟಿ ಓಡಿತು. ಇನ್ನೊಂದು ಶೆಡ್ಡಿಗೆ ಹೋಗಬೇಕಿದ್ದ ಇಬ್ಬರು ಹೆಂಗಸರೂ ಸೆರಗು ಸಿಕ್ಕಿಸಿ ಕೂತರು. ಕೆಳಗಿನ ತಟ್ಟೆಗಳ ಗೂಡು ಹೋದದ್ದು ಹೋಯಿತು, ಅದನ್ನು ಬೇರೆ ಮಾಡಿ ತೆಗೆದಿಟ್ಟರು. ಮೇಲಿನದೆಲ್ಲ ನೂಲಾಯಿತು. ಎಂಜಿನ್ನಿನ ಹೊಗೆಯೆಲ್ಲ ನಾವು ಒಣಗಲು ಹಾಕಿದ ಬಟ್ಟೆಯ ಮೇಲೆ ಬಂತು, ಮಕ್ಕಳ ಬಿಳಿ ಅಂಗಿಗಳನ್ನು ಇನ್ನೊಮ್ಮೆ ಒಗೆದೆ.

ಎರಡು ದಿನ ಬಿಟ್ಟು ನಮ್ಮವರು ಟೀ ಅಂಗಡಿಯಿಂದ ನಗುತ್ತ ಬಂದರು. ಅಲ್ಲಿ ಗೂಡು ಮಾರುಕಟ್ಟೆಯ ನಾಲ್ಕು ಜನರ ಮುಂದೆ ರೀಲರ್ ವಾಲ್ವಿನ ಕತೆ ಹೇಳುತ್ತಿದ್ದನಂತೆ.

“ಏನಂತೆ?” ಎಂದೆ.

“‘ನಾನು ಮುಂದೆ ನಿಂತು ನೋಡ್ಕೊಂಡೆ, ಅದುಕ್ಕೇ ಸರಿ ಆಯ್ತು. ಇಲ್ದಿದ್ರೆ ಇವರು ಕ್ರ್ಯಾಕ್ ಬಿಟ್ಟಿದ್ನೇ ಫಿಟ್ ಮಾಡ್ಬುಡ್ತಿದ್ರು’ ಅಂದ.”

“ನೀವೇನಂದ್ರಿ?”

“ಏನನ್ಲಿ? ಟೀ ಅವನೇ ಕೊಡುಸ್ದ. ವಡೇನೂ ಕೊಡುಸ್ದ.”

ನಾನು ಬಾಯಿ ತೆರೆದೆ. ಗೋಡೆಯಾಚೆ ಎಂಜಿನ್ನು ಅಷ್ಟು ಜೋರಾಗಿ ಓಡುತ್ತಿತ್ತೆಂದರೆ, ಹೇಳಿದ್ದು ನನಗೇ ಕೇಳಿಸಲಿಲ್ಲ.